ಮೂರು ಸೂಟ್‌ಕೇಸು, 40,000 ಪುಟ: ಮಾಲ್ವಿನ್ ಹುಸ್ಸೆರ್ಲ್

[ತೆರೆಯ ಮೇಲೆ: ಶೀಘ್ರಲಿಪಿಯ ಒಂದು ಹಾಳೆ]

ಇದನ್ನು ಓದೋಕೆ ಜರ್ಮನ್ ಬಂದರೆ ಸಾಲದು. ಇದು ಗಾಬೆಲ್ಸ್‌ಬೆರ್ಗರ್ ಶೀಘ್ರಲಿಪಿ. ಜೊತೆಗೆ ಬರೆದವರ ಸ್ವಂತ ಸಂಕ್ಷೇಪಗಳು ಬೇರೆ. ಬರೆದವರು ಫೀನಾಮೆನಾಲಜಿಯ, ಅಂದರೆ ವಸ್ತುಗಳು ನಮ್ಮ ಅನುಭವಕ್ಕೆ ಹೇಗೆ ಕಾಣಿಸಿಕೊಳ್ಳುತ್ತವೆ ಅಂತ ಪರಿಶೀಲಿಸುವ ತತ್ವಶಾಸ್ತ್ರದ, ಮೂಲಪುರುಷ ಎಡ್ಮಂಡ್ ಹುಸ್ಸೆರ್ಲ್. 1938ರ ಏಪ್ರಿಲ್ 27ರಂದು ಅವರು ಜರ್ಮನಿಯ ಫ್ರೈಬುರ್ಗ್‌ನಲ್ಲಿ ತೀರಿಕೊಂಡಾಗ ಇಂಥ ಸುಮಾರು 40,000 ಪುಟಗಳು ಹೆಂಡತಿ ಮಾಲ್ವಿನ್ ಪಾಲಿಗೆ ಬಂದವು.

ಮಾಲ್ವಿನ್ 1860ರಲ್ಲಿ, ಈಗಿನ ರೊಮೇನಿಯಾದ ಕ್ಲೂಜ್‌ನಲ್ಲಿ, ಯಹೂದಿ ಮನೆತನದಲ್ಲಿ ಹುಟ್ಟಿದವರು. 1887ರಲ್ಲಿ ಪ್ರೊಟೆಸ್ಟೆಂಟ್ ಆದರು, ಅದೇ ವರ್ಷ ಮದುವೆ. ಕಿರಿಯ ಮಗ ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸ್‌ನ ವೆರ್ಡನ್‌ನಲ್ಲಿ ಜರ್ಮನಿಯ ಸೈನಿಕನಾಗಿ ಸತ್ತ. ನಾಜಿಗಳ ಲೆಕ್ಕದಲ್ಲಿ ಇದ್ಯಾವುದೂ ಜಮೆಯಾಗಲಿಲ್ಲ. ಅವರು ನೋಡಿದ್ದು ಅಜ್ಜ-ಅಜ್ಜಿಯರ ಧರ್ಮವನ್ನ.

1938ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಲೂವೆನ್‌ನಿಂದ ವಾನ್ ಬ್ರೇಡಾ ಎಂಬ 27ರ ಫ್ರಾನ್ಸಿಸ್ಕನ್ ಪಾದ್ರಿ ಬಂದರು, ಸಂಶೋಧನೆಗಂತ. ಹಾಳೆಗಳ ರಾಶಿ ನೋಡಿದ ಮೇಲೆ ಸಂಶೋಧನೆ ಪಕ್ಕಕ್ಕೆ ಸರಿಯಿತು. ನಾಜಿಗಳ ಕೈಗೆ ಸಿಗದಂತೆ ಅವನ್ನು ದೇಶ ದಾಟಿಸೋದೇ ಕೆಲಸವಾಯಿತು.

[ನಕ್ಷೆ: ಫ್ರೈಬುರ್ಗ್, ಕಾನ್‌ಸ್ಟಾನ್ಸ್, ಬರ್ಲಿನ್]

ಮೊದಲ ಉಪಾಯ: ಹುಸ್ಸೆರ್ಲ್ ಮನೆಯವರಿಗೆ ಆಪ್ತರಾಗಿದ್ದ ಸನ್ಯಾಸಿನಿ ಸಿಸ್ಟರ್ ಆಡೆಲ್‌ಗುಂಡಿಸ್ ಹಾಳೆಗಳನ್ನು ಗಡಿ ಊರು ಕಾನ್‌ಸ್ಟಾನ್ಸ್‌ಗೆ ಒಯ್ಯೋದು, ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೆ ದಾಟಿಸೋದು. ಕಾನ್‌ಸ್ಟಾನ್ಸ್‌ನ ಸನ್ಯಾಸಿನಿಯರಿಗೆ ಅಪಾಯ ಅತಿಯಾಯಿತು ಅನಿಸಿತು, ಉಪಾಯ ಅಲ್ಲೇ ನಿಂತಿತು. ಇನ್ನುಳಿದದ್ದು ರಾಯಭಾರಿಗಳ ಚೀಲ. ಅದನ್ನ ಗಡಿಯಲ್ಲಿ ಬಿಚ್ಚುವಂತಿಲ್ಲ. ಫ್ರಾಂಕ್‌ಫರ್ಟ್‌ನ ಬೆಲ್ಜಿಯಂ ಕಾನ್ಸುಲೇಟ್‌ಗೆ ಆ ಹಕ್ಕಿರಲಿಲ್ಲ, ಬರ್ಲಿನ್‌ನ ರಾಯಭಾರ ಕಚೇರಿಗಿತ್ತು. ಆದರೆ ಜರ್ಮನ್ ಪ್ರಜೆಯ ಆಸ್ತಿಗೆ ಬೆಲ್ಜಿಯಂ ರಕ್ಷಣೆ ಕೊಡುವಂತಿಲ್ಲವಲ್ಲ? ಅದಕ್ಕೇ ಹಸ್ತಪ್ರತಿಗಳು ಪಾದ್ರಿಯ ಸ್ವತ್ತು ಅಂತ ಕಾಗದ ಮಾಡಿಕೊಟ್ಟರು ಮಾಲ್ವಿನ್. ಗಂಡನ ಜೀವಮಾನದ ದುಡಿಮೆ, ಪರಿಚಯವಾಗಿ ಒಂದು ತಿಂಗಳೂ ಆಗದವರ ಹೆಸರಿಗೆ! ಸೆಪ್ಟೆಂಬರ್ ಕೊನೆಗೆ, ಜೆಕೊಸ್ಲೊವಾಕಿಯಾ ವಿಚಾರಕ್ಕೆ ಯುರೋಪು ಯುದ್ಧದಂಚಿಗೆ ಬಂದಿದ್ದ ಮ್ಯೂನಿಕ್ ಬಿಕ್ಕಟ್ಟಿನ ಹೊತ್ತಲ್ಲೇ, ಮೂರು ಭಾರದ ಸೂಟ್‌ಕೇಸುಗಳು ಬರ್ಲಿನ್ ರಾಯಭಾರ ಕಚೇರಿ ಸೇರಿದವು. ಅಲ್ಲಿಂದ ಬೆಲ್ಜಿಯಂಗೆ.

ಹಾಳೆ ತಲುಪಿದರಾಯಿತೆ, ಓದುವವರು ಬೇಡವೆ? ಹುಸ್ಸೆರ್ಲ್‌ರ ಹಳೇ ಸಹಾಯಕರಾದ ಯೂಜೆನ್ ಫಿಂಕ್ ಮತ್ತು ಲುಡ್ವಿಗ್ ಲಾಂಡ್‌ಗ್ರೇಬೆ 1939ರಲ್ಲಿ ಲೂವೆನ್‌ಗೆ ಬಂದು, ಶೀಘ್ರಲಿಪಿಯನ್ನ ಟೈಪ್ ಮಾಡಲು ಕೂತರು.

ಮಾಲ್ವಿನ್ ಕೂಡ ಅದೇ ವರ್ಷ ಬಂದರು. ಹೋಗಬೇಕಿದ್ದದ್ದು ಅಮೆರಿಕದಲ್ಲಿದ್ದ ಮಕ್ಕಳ ಹತ್ತಿರ. ಅಷ್ಟರಲ್ಲಿ ಯುದ್ಧ. ಲೂವೆನ್ ಪಕ್ಕದ ಹೆರೆಂಟ್‌ನ ಕಾನ್ವೆಂಟ್‌ನಲ್ಲೇ, ಜರ್ಮನ್ ಆಕ್ರಮಣದ ನಡುವೆಯೂ, ದಿನ ದೂಡಿದರು. ಅಲ್ಲಿದ್ದಾಗಲೇ ಕ್ಯಾಥೊಲಿಕ್ ಆದರು. ಹಾಳೆಗಳ ಜೊತೆ ಬಾರದೆ ಮನೆ ಸಾಮಾನಿನ ಪೆಟ್ಟಿಗೆಯಲ್ಲೇ ಉಳಿದ, ಹುಸ್ಸೆರ್ಲ್‌ಗೆ ಬಂದ ಪತ್ರಗಳು ಮಾತ್ರ 1940ರ ಬಾಂಬ್ ದಾಳಿಯಲ್ಲಿ ಆಂಟ್‌ವೆರ್ಪ್ ಬಂದರಿನಲ್ಲಿ ಸುಟ್ಟುಹೋದವು.

1946ರಲ್ಲಿ ಕೊನೆಗೂ ಅಮೆರಿಕ ತಲುಪಿದರು. ಆದರೆ 1950ರ ನವೆಂಬರ್‌ನಲ್ಲಿ ತೀರಿಕೊಂಡದ್ದು ಫ್ರೈಬುರ್ಗ್‌ಗೆ ವಾಪಸು ಬಂದು.