ಮೋಟು ಸೈಲೆನ್ಸರ್‌ನ ಆಪ್ಟಿಮಸ್ ಪ್ರೈಮ್‌ಗೆ ಎಷ್ಟು ಕೊಡಬಹುದು?

ಹಾಂ, ಕ್ಯಾಮೆರಾ ಓಡ್ತಿದೆ. ಮೇಜಿನ ಮೇಲಿರೋದು ಆಪ್ಟಿಮಸ್ ಪ್ರೈಮ್, ಟ್ರಾನ್ಸ್‌ಫಾರ್ಮರ್ಸ್ ಅನ್ನೋ ಆಟಿಕೆ ಸರಣಿಯ ರೋಬೋಟ್. ಹಳೇ ಅಚ್ಚು, ಸೆಕೆಂಡ್ ಹ್ಯಾಂಡ್, ಡಬ್ಬ ಇಲ್ಲ. ಇಂಥದ್ದನ್ನ ಮಾರೋರೆಲ್ಲ ಹೇಳೋದು ಒಂದೇ ಮಾತು: '1984ರ ಒರಿಜಿನಲ್'. ಅಷ್ಟು ಸುಲಭವಾಗಿ ನಂಬೋದು ಬೇಡ, ಒಂದೊಂದಾಗಿ ನೋಡೋಣ.

ಲಾರಿಯಿಂದ ರೋಬೋಟ್ ಆಗೋದನ್ನ ನೀವೇ ನೋಡ್ತಿದ್ದೀರಲ್ಲ, ಅದನ್ನ ವಿವರಿಸಲ್ಲ. ಮೂತಿ ಚಪ್ಪಟೆ ಇರೋ ಲಾರಿ, ನಮ್ಮ ಶಿರಾಡಿ ಘಾಟಿ ಹತ್ತೋ ಲಾರಿಗಳ ಹಾಗೇನೇ. ಅಸಲಿಗೆ ಈ ಅಚ್ಚು 1984ದೂ ಅಲ್ಲ. ಜಪಾನಿನ ಟಕಾರಾ ಇದನ್ನ 1983ರಲ್ಲೇ ಡಯಾಕ್ಲೋನ್ ಸರಣಿಯಲ್ಲಿ 'ಬ್ಯಾಟಲ್ ಕಾನ್ವಾಯ್' ಅಂತ ತಂದಿತ್ತು. ಮರುವರ್ಷ ಹ್ಯಾಸ್ಬ್ರೋ ಅದಕ್ಕೆ ಹೊಸ ಹೆಸರಿಟ್ಟು ಅಮೆರಿಕದಲ್ಲಿ ಮಾರಿತು. ಇದನ್ನ ಯಾಕೆ ಹೇಳ್ದೆ ಅಂದ್ರೆ, ಲಾರಿ ಎಳೆಯೋ ಟ್ರೇಲರ್ ಒಳಗಿನ 'ರಿಪೇರಿ ಡ್ರೋನ್' ಅನ್ನೋ ಯಂತ್ರದಲ್ಲಿ ಒಂದು ಖಾಲಿ ಸೀಟಿದೆ. ಅದು ಡಯಾಕ್ಲೋನ್ ಸರಣಿಯ ಪುಟ್ಟ ಚಾಲಕ ಗೊಂಬೆಯ ಜಾಗ. ಟ್ರಾನ್ಸ್‌ಫಾರ್ಮರ್ಸ್ ಡಬ್ಬದಲ್ಲಿ ಆ ಚಾಲಕ ಬರ್ತಾನೇ ಇರಲಿಲ್ಲ. ಸೀಟು ಖಾಲಿ ಇದೆ, ಪಾರ್ಟ್ ಕಳೆದಿದೆ ಅಂತ ಚೌಕಾಸಿ ಮಾಡೋಕೆ ಹೋಗಿ ನಗೆಪಾಟಲಾಗಬೇಡಿ.

ಈಗ ವರ್ಷ. ಮೈಮೇಲೆ ಪುಟ್ಟ ಚೌಕದ ಕಪ್ಪು ಸ್ಟಿಕ್ಕರ್ ಇದ್ದು, ಹೆಬ್ಬೆರಳಲ್ಲಿ ಉಜ್ಜಿದಾಗ ಬಿಸಿಗೆ ಒಳಗಿಂದ ಮುಖದ ಚಿಹ್ನೆ ಕಂಡರೆ ಅದು ರಬ್‌ಸೈನ್. ರಬ್‌ಸೈನ್ ಶುರುವಾಗಿದ್ದು 1985ರಲ್ಲಿ. ಅಲ್ಲಿಗೆ '1984' ಅನ್ನೋ ಮಾತು ಮುಗೀತು. ಡಬ್ಬದ ಮೇಲೆ 'ಟಕಾರಾ ಟೋಮಿ' ಅಂತ ಜೋಡಿ ಹೆಸರಿದ್ದರೆ ಇನ್ನೂ ಸುಲಭ: ಆ ಎರಡು ಕಂಪನಿ ಒಂದಾಗಿದ್ದು 2006ರಲ್ಲಿ.

ಸರಿ, ಇಲ್ಲಿಗೆ ಜೂಮ್ ಮಾಡ್ತೀನಿ. ತೋಳಿನ ಪಕ್ಕ ಮೇಲಕ್ಕೆ ಎದ್ದಿರೋ ಈ ಎರಡು ಕ್ರೋಮ್ ಪೈಪು, ಲಾರಿಯ ಸೈಲೆನ್ಸರ್. ಎಡಗಡೇದು ಉದ್ದ, ಬಲಗಡೇದು ಮೋಟು. ಈ ಆಟಿಕೆಯಲ್ಲಿ ಮೊದಲು ಮುರಿಯೋದೇ ಇದು. ಕಡ್ಡಿಯಷ್ಟು ತೆಳು ಪ್ಲಾಸ್ಟಿಕ್, ರೋಬೋಟ್ ಬೋರಲು ಬಿದ್ದರೂ ಸಾಕು, ಟಕ್ ಅಂತ ಹೋಗುತ್ತೆ. ಎರಡೂ ಮೋಟಾಗಿದ್ದರೆ ಮಾರೋರು 'ಇದು ಮೋಟು ಪೈಪಿನ ಮಾಡೆಲ್ಲೇ ಸಾರ್' ಅಂತಾರೆ. ಅರ್ಧ ಸತ್ಯ. 2002ರಲ್ಲಿ ಅಮೆರಿಕದಲ್ಲಿ ಇದೇ ಆಟಿಕೆಯನ್ನ ಮತ್ತೆ ಮಾಡಿ ಮಾರುಕಟ್ಟೆಗೆ ಬಿಟ್ಟಾಗ, ಮಕ್ಕಳ ಸುರಕ್ಷತೆ ಅಂತ ಪೈಪನ್ನ ಕಾರ್ಖಾನೆಯಲ್ಲೇ ಗಿಡ್ಡ ಮಾಡಿದ್ದರು. ಅಂದ್ರೆ ಮೋಟು ಪೈಪು ನಿಜವಾಗಿ ಮಾಡೆಲ್ಲೇ ಆಗಿದ್ದರೆ, ಮಾಲು 1984ದಲ್ಲ. 1984ದೇ ಆಗಿದ್ದರೆ, ಪೈಪು ಮುರಿದಿದೆ. ಎರಡರಲ್ಲಿ ಒಂದನ್ನ ಆರಿಸ್ಕೊಳ್ಳಿ ಅಂತ ಅವರಿಗೇ ಬಿಡಿ!

ತುದಿ ನೋಡಿ. ಕಾರ್ಖಾನೆಯಲ್ಲಿ ಗಿಡ್ಡ ಮಾಡಿದ್ದಕ್ಕೆ ತುದಿ ನುಣುಪು, ಅಲ್ಲೂ ಕ್ರೋಮ್ ಇರುತ್ತೆ. ಮುರಿದದ್ದಕ್ಕೆ ಒರಟು, ಒಳಗಿನ ಬರೀ ಪ್ಲಾಸ್ಟಿಕ್ ಕಾಣುತ್ತೆ. ಕೆಲವರು ಮುರಿದ ತುದಿಯನ್ನ ಉಜ್ಜಿ ಬೆಳ್ಳಿ ಬಣ್ಣ ಬಳೀತಾರೆ. ಟಾರ್ಚ್ ಓರೆಯಾಗಿ ಹಿಡೀರಿ, ಬಣ್ಣ ಮಂಕು, ಕ್ರೋಮ್ ಕನ್ನಡಿ. ನಮ್ಮದು... ಹ್ಞೂಂ, ಒರಟು. ಮುರಿದಿರೋದೇ.

ಮತ್ತೆ ಎಡಗಡೆ ಉದ್ದದ್ದು? ಅದು ಅತಿಯಾಗಿ ಹೊಳೀತಿದೆ. ಮುಂದಿನ ಬಂಪರ್‌ನ ಕ್ರೋಮ್ ನೋಡಿ, ಮೂಲೆ ಸವೆದು ಮಂಕಾಗಿದೆ. ಒಂದೇ ಗೊಂಬೆಯಲ್ಲಿ ಒಂದು ಕ್ರೋಮಿಗೆ ನಲವತ್ತು ವರ್ಷ, ಇನ್ನೊಂದಕ್ಕೆ ನಾಲ್ಕು ದಿನ ಆಗೋಕೆ ಆಗಲ್ಲ. ಆಮೇಲೆ ಹಾಕಿದ ರೀಪ್ರೊ ಪಾರ್ಟು, ಅಂದ್ರೆ ಒರಿಜಿನಲ್ ನೋಡಿ ಹೊಸದಾಗಿ ಮಾಡಿದ ನಕಲು. ನನ್ನ ಪ್ರಕಾರ ರೀಪ್ರೊ ಹಾಕಿ ಹೇಳದೇ ಮಾರೋದು ಶುದ್ಧ ಮೋಸ.

ಹಾಂ, ಈ ಹಳೇ ಕ್ರೋಮನ್ನ ಹೊಳೆಸೋಕೆ ಹೋಗಬೇಡಿ. ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂನ ತೀರಾ ತೆಳು ಪದರ, ಅದರ ಮೇಲೆ ವಾರ್ನಿಶ್, ಅಷ್ಟೇ ಅದು. ಟೂತ್‌ಪೇಸ್ಟ್ ಹಾಕಿದರೆ ಕೊಳೆ ಜೊತೆ ಕ್ರೋಮೂ ಬರುತ್ತೆ. ಹುಣಸೆಹಣ್ಣು ಹಾಕಿ ತಿಕ್ಕೋಕೆ ಇದೇನು ಹಿತ್ತಾಳೆ ದೀಪಾನಾ? ಒದ್ದೆ ಹತ್ತಿಬಟ್ಟೆ, ಒಂದು ಸಲ ಒರೆಸಿ, ಸಾಕು. ಮಂಗಳೂರು ಕಡೆಯೋರಿಗೆ ಇನ್ನೊಂದು ಮಾತು: ಮಳೆಗಾಲದ ತೇವಕ್ಕೆ ಸ್ಕ್ರೂ, ಉಕ್ಕಿನ ಪಿನ್ ತುಕ್ಕು ಹಿಡಿಯುತ್ತೆ. ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಇಡಿ, ತಿಂಗಳಿಗೊಮ್ಮೆ ಬದಲಾಯಿಸಿ.

ಅಯ್ಯೋ, ಮುಷ್ಟಿ ಉರುಳಿತು. ಒಂದ್ನಿಮಿಷ. ಹಾಂ, ಸಿಕ್ತು. ಲಾರಿ ಆಗಬೇಕಾದರೆ ಈ ಎರಡು ಮುಷ್ಟಿಯನ್ನ ಕಿತ್ತು ಪಕ್ಕಕ್ಕಿಡಬೇಕು, ಅಲ್ಲೇ ಕಳೆದು ಹೋಗೋದು. ಇದೇ ಆಪ್ಟಿಮಸ್ ಪ್ರೈಮ್‌ನ ಹೊಸ ಆಟಿಕೆ, 2011ರ ಮಾಸ್ಟರ್‌ಪೀಸ್ ಎಂಪಿ-10ರಲ್ಲಿ ಮುಷ್ಟಿ ಮುಂಗೈಯೊಳಗೇ ಮಡಚಿಕೊಳ್ಳುತ್ತೆ, ಕೈಕಾಲು ಬೇಕಾದ ಹಾಗೆ ತಿರುಗುತ್ತೆ. ಆಡೋಕಾದರೆ ಅದನ್ನೇ ತಗೊಳ್ಳಿ, ಇದು ನಿಂತಲ್ಲೇ ನಿಲ್ಲೋ ಕಂಬ.

ಆದರೂ ಇದಕ್ಕೊಂದು ಪುಣ್ಯ ಇದೆ. ಆ ಕಾಲದ ಚಿನ್ನದ ಚಮಕಿ ಬೆರೆಸಿದ ಪ್ಲಾಸ್ಟಿಕ್ ಇದರಲ್ಲಿಲ್ಲ. 1988ರ ಬ್ಲ್ಯಾಕ್ ಝರಾಕ್ ಅನ್ನೋ ಇನ್ನೊಂದು ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ಅಂಥದ್ದು. ಡಬ್ಬದಿಂದ ತೆಗೆದು ಕೀಲು ತಿರುಗಿಸಿದರೆ ಹಪ್ಪಳದ ಹಾಗೆ ಪುಡಿ. ಸೀಲ್ ಒಡೆಯದ ಪೆಟ್ಟಿಗೆಯೊಳಗೇ ಬಿರುಕು ಬಿಟ್ಟಿರುತ್ತೆ, ಗೋಂದೂ ನಿಲ್ಲಲ್ಲ. ಅದಕ್ಕೆ ಇಡೋ ಬೆಲೆ ಅಂತೂ... ಬೇಡ ಬಿಡಿ, ಶಾಟ್ ಮುಗೀತಿದೆ, ಟ್ರೇಲರ್‌ಗೆ ಬರೋಣ.

ಟ್ರೇಲರ್‌ನಲ್ಲಿ ರೋಲರ್ ಅನ್ನೋ ಪುಟ್ಟ ಗಾಡಿ ಇದೆ, ಅದನ್ನ ಚಿಮ್ಮಿಸೋ ಸ್ಪ್ರಿಂಗ್ ಗಟ್ಟಿ ಇದೆ. ಡ್ರೋನ್ ಇದೆ. ಪೆಟ್ರೋಲ್ ಪೈಪಿನ ನಳಿಕೆ ಇಲ್ಲ, ಕ್ಷಿಪಣಿ ಒಂದೂ ಇಲ್ಲ. ಬಂದೂಕಿದೆ. ಅದನ್ನ ಹಿಡಿಸಿ ತೋಳು ಮುಂದೆ ಚಾಚಿಸ್ತೀನಿ... ಬಿತ್ತು. ಭುಜ ಸಡಿಲ.

ಬೆಲೆ: ಮುರಿಯದ, ಪೂರ್ತಿ ಸೆಟ್ಟಿಗೆ ಕೇಳೋದರ ಮೂರನೇ ಒಂದು ಭಾಗ, ಮೇಲೆ ಒಂದು ರೂಪಾಯಿಯೂ ಇಲ್ಲ. ಆ ಬೆಲೆಗೆ ಸಿಕ್ಕಿದರೆ ಬಲಗಡೆಗೂ ರೀಪ್ರೊ ಪೈಪು ಹಾಕಿಸಿ ಶೋಕೇಸಲ್ಲಿಡಿ. ಗೊತ್ತು, ಈಗ್ತಾನೆ ಮೋಸ ಅಂದೆ. ಹೇಳದೇ ಮಾರೋದು ಮೋಸ, ನಮ್ಮ ಕಪಾಟಿನಲ್ಲಿ ನಾವು ಹಾಕ್ಕೊಂಡರೆ ಯಾರಿಗೇನು? ಮುಂದೆ ಮಾರುವಾಗ ಬಾಯಿಬಿಟ್ಟು ಹೇಳಿ ಅಷ್ಟೇ. ಬ್ಯಾಟರಿ ಕೆಂಪು ತೋರಿಸ್ತಿದೆ, ಮುಷ್ಟಿ ಒಳಗಿಟ್ಟು ಕ್ಯಾಮೆರಾ ಆಫ್ ಮಾಡ್ತೀನಿ.