ಮೊಬೈಲ್ ನೋಡುವ ಮಹಿಷಾಸುರ

ಈ ಫೋಟೋ ನೀವೆಲ್ಲ ನೋಡಿರ್ತೀರಿ. ಯಕ್ಷಗಾನದ ಚೌಕಿ, ಅಂದ್ರೆ ಕಲಾವಿದರು ವೇಷ ಕಟ್ಟುವ ಜಾಗ. ಮುಖದ ತುಂಬ ಚಿಟ್ಟಿ (ಬಿಳಿ ಹಿಟ್ಟಿನ ಮುಳ್ಳುಚುಕ್ಕಿ) ಇಟ್ಟ ಮಹಿಷಾಸುರ, ಕೋಡು ಇನ್ನೂ ಕಟ್ಟಿಲ್ಲ, ಪೆಟ್ಟಿಗೆ ಮೇಲೆ ಕೂತು ಮೊಬೈಲ್ ನೋಡ್ತಿದ್ದಾನೆ. ಸ್ಕ್ರೀನಿನ ನೀಲಿ ಬೆಳಕು ಮುಖಕ್ಕೆ ಬಿದ್ದಿದೆ. ಕೆಳಗೆ ‘ಡಿಜಿಟಲ್ ರಾಕ್ಷಸ’ ಅಂತ ಒಂದು ಶೀರ್ಷಿಕೆ. ಲೈಕುಗಳ ಸುರಿಮಳೆ.

ನಾನೂ ಅದನ್ನು ತೆಗೆದವನೇ. ಒಂದಲ್ಲ, ಏಳೆಂಟು ಸಲ, ಬೇರೆ ಬೇರೆ ಮೇಳದಲ್ಲಿ, ಅಂದ್ರೆ ಯಕ್ಷಗಾನ ತಂಡದಲ್ಲಿ. ಇವತ್ತು ಅದೇ ಫೋಟೋದ ವಿರುದ್ಧ ಮಾತಾಡ್ಲಿಕ್ಕೆ ಕೂತಿದ್ದೇನೆ.

ಆ ಫೋಟೋದಲ್ಲಿ ತಮಾಷೆ ಎಂತದ್ದು? ಪುರಾಣದ ರಾಕ್ಷಸನ ಕೈಯಲ್ಲಿ ಈ ಕಾಲದ ಫೋನು, ಅಷ್ಟೇ. ಆದ್ರೆ ಚಿಟ್ಟಿ ಇಡುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಅರೆದ ಬಿಳಿ ಹಿಟ್ಟು. ತೆಳು ಕಡ್ಡಿಯ ತುದಿಗೆ ಒಂಚೂರು ತಗೊಂಡು ಕೆನ್ನೆಗೆ ಒಂದು ಚುಕ್ಕಿ. ಪಕ್ಕದಲ್ಲಿ ಇನ್ನೊಂದು. ಮೊದಲನೇದು ಒಣಗಿದ ಮೇಲೆ ಅದರ ತಲೆಗೇ ಮತ್ತೊಂದು. ಹೀಗೆ ಏರಿಸುತ್ತಾ ಹೋದ್ರೆ ಚುಕ್ಕಿ ಮುಳ್ಳಾಗ್ತದೆ. ಇದಕ್ಕೇ ಗಂಟೆಗಟ್ಟಲೆ ಬೇಕು, ಕೆಲವು ವೇಷಕ್ಕೆ ಮೂರು ಗಂಟೆಯೂ ಆಗ್ತದೆ. ಬರೆಯುವವರು ಬೇರೆ ಯಾರೂ ಅಲ್ಲ. ಒಂದು ಕೈಯಲ್ಲಿ ಕನ್ನಡಿ ಹಿಡಿದು ತನ್ನ ಮುಖ ತಾನೇ ಬರೀಬೇಕು. ಮುಗಿದ ಮೇಲೆ ನಗುವ ಹಾಗಿಲ್ಲ, ಬಿರುಕು ಬಿಡ್ತದೆ. ಬಾಯಿ ಬಿಟ್ಟು ಮಾತಾಡುವ ಹಾಗಿಲ್ಲ, ಮಲಗುವ ಹಾಗಂತೂ ಇಲ್ಲವೇ ಇಲ್ಲ. ಪ್ರವೇಶಕ್ಕೆ ಇನ್ನೂ ಹೊತ್ತುಂಟು. ಅವರು ಮೊಬೈಲ್ ನೋಡದೆ ಇನ್ನೆಂತ ಮಾಡಬೇಕು ಮಾರಾಯ್ರೆ?

ಆ ಮೂರು ಗಂಟೆಯ ಕೆಲಸ ನಮ್ಮ ಫೋಟೋದಲ್ಲಿ ಕಾಣುವುದೇ ಇಲ್ಲ. ಕಾಣುವುದು ನಮ್ಮ ಜೋಕು ಮಾತ್ರ.

ಚೌಕಿಗೆ ನಾವು ಸಲೀಸಾಗಿ ಗ್ರೀನ್ ರೂಮ್ ಅಂತೇವೆ. ಅಲ್ಲಿ ಹಸಿರೂ ಇಲ್ಲ, ರೂಮೂ ಇಲ್ಲ. ನಾಲ್ಕು ಕಂಬ, ಸುತ್ತ ಪರದೆ, ಮೇಲೆ ಟಾರ್ಪಾಲು, ಕೆಳಗೆ ಚಾಪೆ. ಒಂದು ಬದಿಯಲ್ಲಿ ಮೇಳದ ದೇವರು. ಚೌಕಿ ಪೂಜೆ ಆಗಿ ಪ್ರಸಾದ ತಗೊಂಡೇ ಆಟ ಶುರು. ನಾವು ಹೋಗುವುದು ಹೇಗೆ? ಬೆನ್ನಿಗೆ ಬ್ಯಾಗು, ಕುತ್ತಿಗೆಗೆ ಎರಡು ಕ್ಯಾಮೆರಾ. ಒಳ್ಳೆ ಆಂಗಲ್ ಸಿಕ್ಕಿತು ಅಂತ ದೇವರಿಗೇ ಬೆನ್ನು ಹಾಕಿ, ಯಾರದ್ದೋ ಬಣ್ಣದ ಬಟ್ಟಲಿಗೆ ಕಾಲು ತಾಗಿಸಿ ಕೂತುಬಿಡ್ತೇವೆ.

‘ಕೇಳಿಯೇ ತೆಗೆದದ್ದು, ಹೂಂ ಅಂದ್ರು’ ಅಂತ ನಾನೂ ತುಂಬ ವರ್ಷ ಹೇಳಿದ್ದೇನೆ. ಆ ‘ಹೂಂ’ ಎಲ್ಲಿಂದ ಬರ್ತದೆ ಅಂತ ಯೋಚಿಸಿರಲಿಲ್ಲ. ಹರಕೆ ಆಟ, ಅಂದ್ರೆ ಯಾರೋ ಹರಕೆ ಹೊತ್ತು ಆಡಿಸುವ ಯಕ್ಷಗಾನ. ಆಡಿಸುವ ಮನೆಯವರ ನೆಂಟರೆಲ್ಲ ಚೌಕಿಗೆ ಬಂದು ಹೋಗ್ತಿರ್ತಾರೆ. ಕ್ಯಾಮೆರಾ ಹಿಡಿದು ನಿಂತವನು ಯಜಮಾನರ ಅಳಿಯನೋ ದಾರಿಹೋಕನೋ, ಕಲಾವಿದನಿಗೆ ಹೇಗೆ ಗೊತ್ತಾಗಬೇಕು? ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ದಿನಾ ಒಂದೊಂದು ಊರು, ದಿನಾ ಹೊಸ ಹೊಸ ಮುಖ. ಬೇಡ ಅಂದು ನಿಷ್ಠುರ ಆಗುವುದಕ್ಕಿಂತ ಹೂಂ ಅನ್ನುವುದೇ ಸುಲಭ.

ನನಗೆ ಬುದ್ಧಿ ಬಂದದ್ದು ಒಂದು ಸ್ತ್ರೀವೇಷದಿಂದ. ಮೂವತ್ತರ ಆಸುಪಾಸಿನ ಕಲಾವಿದ. ಮುಖ ಪೂರ್ತಿ ಬರೆದಾಗಿದೆ, ಸೀರೆ ಇನ್ನೂ ಸೊಂಟದಲ್ಲಿದೆ, ಎದೆಗೆ ಬಟ್ಟೆ ಕಟ್ಟಿಕೊಳ್ತಿದ್ದಾರೆ. ನನಗೋ ಅದು ದೊಡ್ಡ ಕಲೆ ಅನಿಸ್ತು. ಕಪ್ಪು ಬಿಳುಪು ಮಾಡಿ ಹಾಕಿದೆ. ಮುಂದಿನ ಸಲ ಸಿಕ್ಕಿದಾಗ ಬದಿಗೆ ಕರೆದು ಮೆಲ್ಲಗೆ ಹೇಳಿದ್ರು: “ಅಣ್ಣ, ರಂಗಸ್ಥಳದ್ದು ಎಷ್ಟು ಬೇಕಾದ್ರೂ ಹಾಕಿ. ಅದೊಂದು ತೆಗೆದುಬಿಡಿ. ಮಗಳ ಶಾಲೆ ಗ್ರೂಪಿಗೆ ಯಾರೋ ಕಳಿಸಿದ್ದಾರೆ.” ಸಿಟ್ಟು ಮಾಡಿದ್ರೆ ತಡ್ಕೊಳ್ಳಬಹುದಿತ್ತು. ನಾನು ಅಲ್ಲೇ ಅಳಿಸಿದೆ. ಗ್ರೂಪುಗಳಿಂದ ಅಳಿಸುವವರು ಯಾರು?

ಕೃತಿಸ್ವಾಮ್ಯದ ಕಾನೂನು ಕೇಳಿದ್ರೆ ಅದು ನನ್ನ ಕಡೆಗೇ ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವನದ್ದು. 1994ರ ತಿದ್ದುಪಡಿಯಲ್ಲಿ ಕಲಾವಿದರಿಗೂ ಹಕ್ಕು ಬಂತು, ಆದ್ರೆ ಅದು ಅವರ ಪ್ರದರ್ಶನಕ್ಕೆ ಸಂಬಂಧಿಸಿದ್ದು. ಚಾಪೆ ಮೇಲೆ ಕೂತು ಸೀರೆ ಸುತ್ತಿಕೊಳ್ಳುವುದು ಪ್ರದರ್ಶನ ಅಲ್ಲವಲ್ಲ. ಅವರು ಅದನ್ನು ಪರದೆಯ ಹಿಂದೆ ಇಟ್ಟದ್ದೇ ಅದು ಪ್ರದರ್ಶನ ಅಲ್ಲ ಅಂತ.

ಹಾಗಾದ್ರೆ ಚೌಕಿಯಲ್ಲಿ ಫೋಟೋನೇ ಬೇಡವಾ? ನಾನು ಈಗಲೂ ತೆಗೀತೇನೆ. ಮೊದಲ ಒಂದು ಗಂಟೆ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ಫ್ಲಾಶ್ ಅಂತೂ ಬೇಡವೇ ಬೇಡ. ಕಣ್ಣಿಗೆ ಕಾಡಿಗೆ ಎಳೆಯುವ ಹೊತ್ತಿಗೆ ಕನ್ನಡಿಗೆ ಹೊಡೆದು ಬಂದ ಬೆಳಕು ಸಾಕು, ಕೈ ತಪ್ಪಿ ಬರೆದದ್ದೆಲ್ಲ ಒರೆಸಬೇಕು. ಎಲ್‌ಇಡಿ ಬಲ್ಬಿನಡಿ ಫೋಟೋದಲ್ಲಿ ಪಟ್ಟೆ ಪಟ್ಟೆ ಬರ್ತದಾ? ನಮ್ಮ ಕರೆಂಟಿಗೆ ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತದೆ. ಶಟರ್ 1/100 ಅಥವಾ 1/50ಕ್ಕೆ ಇಳಿಸಿ, ಹೆಚ್ಚಾಗಿ ಸರಿಯಾಗ್ತದೆ. ತೆಗೆದದ್ದನ್ನು ಅವರಿಗೆ ತೋರಿಸದೆ ಎಲ್ಲೂ ಹಾಕುವುದಿಲ್ಲ.

ಹಾಗೆ ತೋರಿಸಲು ಹೋದಾಗಿನದ್ದೇ ಇದು. ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರ ಮಾಡುವ, ಒಬ್ಬರು ಹಿರಿಯರಿಗೆ ನನ್ನ ಪ್ರೀತಿಯ ಫೋಟೋ ಕೊಟ್ಟೆ. ಅರ್ಧ ಮುಖ ಬರೆದದ್ದು, ಅರ್ಧ ಬರೀ ಮುಖ, ಒಂದೇ ಬದಿಯಿಂದ ಬೆಳಕು. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ್ರು. “ಇದ್ರಲ್ಲಿ ಮಹಿಷಾಸುರ ಎಲ್ಲಿದ್ದಾನೆ? ನಾನೂ ಇಲ್ಲ,” ಅಂದ್ರು. “ಕೋಡು ಕಟ್ಟಿದ ಮೇಲೆ ಕರೀತೇನೆ, ನೆಟ್ಟಗೆ ನಿಂತದ್ದು ಒಂದು ತೆಗೀರಿ.”

ಕರೆದ್ರು. ಎದುರಿಂದ, ಟ್ಯೂಬ್‌ಲೈಟಿನ ಚಪ್ಪಟೆ ಬೆಳಕಿನಲ್ಲಿ, ಪಾಸ್‌ಪೋರ್ಟ್ ಫೋಟೋದ ಹಾಗೆ ಒಂದು ತೆಗೆದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ಅದೀಗ ಅವರ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ, ದೇವಿಯ ಪಟದ ಪಕ್ಕ ಅಂಟಿಸಿಕೊಂಡು ಉಂಟು.