ಅಂಟಲು ಬಿಡದಿರುವುದೂ ಒಂದು ಚಿಕಿತ್ಸೆ

ಮೈಸೂರು, ಮಂಡ್ಯ ಸೀಮೆಯ ಕೇಳುಗರಿಗೆ ನಮಸ್ಕಾರ. ಕ್ಯಾಂಡಿಡಾ ಆಲ್ಬಿಕ್ಯಾನ್ಸ್ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರ, ನಮ್ಮಲ್ಲಿ ಅನೇಕರ ಬಾಯಿಯಲ್ಲಿಯೂ ಕರುಳಿನಲ್ಲಿಯೂ ಯಾವ ಕೇಡನ್ನೂ ಮಾಡದೆ ವಾಸಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಆಂಟಿಬಯಾಟಿಕ್‌ಗಳನ್ನು ಬಹುಕಾಲ ಸೇವಿಸಿದಾಗ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದೇ ಯೀಸ್ಟ್ ರೋಗಕಾರಿಯಾಗುತ್ತದೆ. ಎಳೆಗೂಸಿನ ನಾಲಿಗೆಯ ಮೇಲೆ ಕಾಣುವ, ಒರೆಸಿದರೂ ಸುಲಭವಾಗಿ ಹೋಗದ ಬಿಳಿಯ ಪದರ ಬಹುಮಟ್ಟಿಗೆ ಇದರದೇ.

ಜೊಲ್ಲು ಸದಾ ತೊಳೆಯುತ್ತಿರುವ ಬಾಯಿಯಲ್ಲಿ ನೆಲೆಯೂರಬೇಕಾದರೆ ಮೊದಲು ಅಂಟಿಕೊಳ್ಳಬೇಕು. ಗದ್ದೆಯ ಬದುವಿನ ಉತ್ತರಾಣಿ ಪಂಚೆಯ ಅಂಚಿಗೆ ಕಚ್ಚಿಕೊಳ್ಳುವಂತೆ, ಈ ಯೀಸ್ಟ್ ತನ್ನ ಕೋಶಭಿತ್ತಿಯಿಂದ ಹೊರಚಾಚಿದ ಅಂಟುಪ್ರೋಟೀನ್‌ಗಳ ಮೂಲಕ ನಮ್ಮ ಜೀವಕೋಶಗಳನ್ನು ಹಿಡಿಯುತ್ತದೆ. ಇವುಗಳಲ್ಲಿ ಎಎಲ್‌ಎಸ್ ಎಂಬ ಕುಟುಂಬಕ್ಕೇ 8 ಜೀನ್‌ಗಳಿವೆ. ದುಂಡಗಿನ ಯೀಸ್ಟ್ ಎಳೆಯಾಗಿ ಬೆಳೆಯತೊಡಗಿದಾಗ ಎಚ್‌ಡಬ್ಲ್ಯುಪಿ1 ಎಂಬ ಮತ್ತೊಂದು ಪ್ರೋಟೀನ್ ಮೂಡುತ್ತದೆ; ನಮ್ಮ ಕೋಶಗಳು ತಮ್ಮ ಪ್ರೋಟೀನ್‌ಗಳನ್ನು ಪರಸ್ಪರ ಬೆಸೆಯಲು ಇಟ್ಟುಕೊಂಡಿರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವವೇ ಇದನ್ನೂ ಕೆನ್ನೆಯ ಒಳಪದರಕ್ಕೆ ಬಿಡಿಸಲಾಗದಂತೆ ಬೆಸೆದುಬಿಡುತ್ತದೆ. ಶತ್ರುವನ್ನು ಕಟ್ಟಿ ನಿಲ್ಲಿಸುವ ಕೆಲಸವನ್ನು ನಾವೇ ಮಾಡಿಕೊಡುತ್ತೇವೆಂಬುದು ವಿಚಿತ್ರವಾದರೂ ನಿಜ. ಆಮೇಲೆ ಎಎಲ್‌ಎಸ್3 ಪ್ರೋಟೀನು, ನೆರೆಯ ಕೋಶಗಳು ಒಂದನ್ನೊಂದು ಹಿಡಿದಿರಲು ಬಳಸುವ ಇ-ಕ್ಯಾಡ್‌ಹೆರಿನ್‌ಗೆ ತಗುಲಿಕೊಳ್ಳುತ್ತದೆ, ಮತ್ತು ಕೋಶವು ಎಳೆಯನ್ನು ತಾನಾಗಿಯೇ ಒಳಗೆಳೆದುಕೊಳ್ಳುತ್ತದೆ. ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಇನ್ನೊಂದು ಪ್ರಭೇದವಾದರೋ ಕೋಶದ ಮೇಲಣ ಗ್ಯಾಲಕ್ಟೋಸ್ ಸಕ್ಕರೆಯನ್ನೇ ಹುಡುಕಿ ಹಿಡಿಯುತ್ತದೆ.

ಶಿಲೀಂಧ್ರದ ಕೋಶರಚನೆ ನಮ್ಮದನ್ನು ಬಹಳಷ್ಟು ಹೋಲುವುದರಿಂದ, ನಮಗೆ ಹಾನಿಯಾಗದಂತೆ ಅದನ್ನು ಕೊಲ್ಲುವ ಔಷಧಿಗಳು ಕೆಲವೇ ಬಗೆಯವು. 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿಸಲಾದ ಕ್ಯಾಂಡಿಡಾ ಆರಿಸ್ ಎಂಬ ಮತ್ತೊಂದು ಪ್ರಭೇದದ ಅನೇಕ ತಳಿಗಳು ಅವನ್ನೂ ಎದುರಿಸಿ ಉಳಿಯುತ್ತವೆ. ಆದ್ದರಿಂದ ಕೊಲ್ಲುವ ಬದಲು ಹಿಡಿತವನ್ನೇ ತಪ್ಪಿಸುವ ಯತ್ನ ನನಗೆ ಹೆಚ್ಚು ಭರವಸೆಯದಾಗಿ ತೋರುತ್ತದೆ. ಎಎಲ್‌ಎಸ್3ರ ತುಣುಕಿನಿಂದ ತಯಾರಿಸಿದ ಲಸಿಕೆಯೊಂದನ್ನು ಪದೇ ಪದೇ ಯೋನಿಯ ಸೋಂಕಿಗೆ ಒಳಗಾಗುವ ಮಹಿಳೆಯರಲ್ಲಿ ಪರೀಕ್ಷಿಸಲಾಯಿತು; 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ 40 ವರ್ಷದೊಳಗಿನವರಲ್ಲಿ ಸೋಂಕಿನ ಮರುಕಳಿಕೆ ಕಡಿಮೆಯಾಯಿತು. ತೊಡಕೂ ಉಂಟು: ಒಂದು ಅಂಟುಪ್ರೋಟೀನನ್ನು ತಡೆದರೆ ಅದರ ಕೆಲಸವನ್ನು ಮತ್ತೊಂದು ವಹಿಸಿಕೊಳ್ಳಬಲ್ಲದು.

ಲಸಿಕೆ ಕೈಗೆ ಬರುವವರೆಗೂ ಮಾಡಬಹುದಾದದ್ದು ಇದೆ. ಈ ಯೀಸ್ಟ್ ಪ್ಲಾಸ್ಟಿಕ್ಕಿಗೂ ಅಷ್ಟೇ ಗಟ್ಟಿಯಾಗಿ ಅಂಟುವುದರಿಂದ, ಹಲ್ಲಿನ ಸೆಟ್ಟು ಕಟ್ಟಿಸಿಕೊಂಡವರು ಅದನ್ನು ರಾತ್ರಿ ತೆಗೆದು, ಉಜ್ಜಿ ತೊಳೆದಿಡಬೇಕು. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರು ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು.